ಕಾವು ಮರೆತ ಹಕ್ಕಿ

ಎರಡು ಸಾವಿರದ ನಾನೂರು ವರ್ಷಗಳಿಗೂ ಹಿಂದಿನ ಮಾತು. ಗ್ರೀಸಿನ ಅಥೆನ್ಸ್ ನಗರದಲ್ಲಿ ಜನಸಭೆ ಸೇರಿತ್ತು. ಆಲ್ಸಿಬಯಾಡಿಸ್ ಎಂಬ ಸಿರಿವಂತ ತರುಣ ರಾಜ್ಯಕ್ಕೆ ದೇಣಿಗೆ ಕೊಡಲು ಮುಂದೆ ಬಂದ. ಜನರ ಜಯಕಾರ ಕೇಳಿ ಹಿಗ್ಗಿದ ಅವನಿಗೆ ತನ್ನ ಮೇಲುಹೊದಿಕೆಯಲ್ಲಿ ಹಕ್ಕಿಯೊಂದನ್ನು ಇಟ್ಟುಕೊಂಡಿದ್ದೇ ಮರೆತುಹೋಯಿತು. ಅದು ಪುರ್ರನೆ ಹಾರಿತು. ಸಭೆಯ ಕೆಲಸ ಬಿಟ್ಟು ಜನ ಹಕ್ಕಿಯ ಬೆನ್ನು ಹತ್ತಿದರು. ಕೊನೆಗೆ ಹಡಗು ನಡೆಸುವ ಆಂಟಿಯೋಕಸ್ ಅದನ್ನು ಹಿಡಿದು ತಂದುಕೊಟ್ಟ ಎಂದು ಪ್ಲುಟಾರ್ಕ್ ಬರೆದಿದ್ದಾನೆ.

ಆ ಹಕ್ಕಿ ಗೌಜಲಕ್ಕಿ. ನಮ್ಮಲ್ಲಿ ಲಾವಕ್ಕಿ ಎಂದೂ ಹೆಸರಿರುವ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದಾದ ನೆಲದ ಹಕ್ಕಿ. ಇಂದು ಹಲವು ದೇಶಗಳಲ್ಲಿ ಮಕ್ಕಳು ಕಾವುಪೆಟ್ಟಿಗೆಯ ಮುಂದೆ ಕುಳಿತು ಅದರ ಮೊಟ್ಟೆ ಒಡೆಯುವ ಗಳಿಗೆಯನ್ನು ಕಾಯುತ್ತಾರೆ. ಹಕ್ಕಿಯ ಮರಿ ಮಾಡಿಸಲು ಮನುಷ್ಯನೇಕೆ ಬೇಕು? ತಾಯಿ ಹಕ್ಕಿ ಎಲ್ಲಿ ಹೋಯಿತು? ಇದಕ್ಕೆ ಉತ್ತರ ಚರಿತ್ರೆಯಲ್ಲಿದೆ.

ಗ್ರೀಕರು ಗೌಜಲನ್ನು ಪಣದ ಆಟಕ್ಕೆ ಸಾಕುತ್ತಿದ್ದರು. ವೃತ್ತದೊಳಗೆ ಹಕ್ಕಿಯನ್ನು ನಿಲ್ಲಿಸಿ ತಲೆಗೆ ಬೆರಳಿನಿಂದ ತಟ್ಟುವುದು. ಹಿಂಜರಿಯದೆ ನಿಂತರೆ ಅದರ ಒಡೆಯ ಗೆದ್ದಂತೆ. ಭಾರತಕ್ಕೂ ಈ ಹಕ್ಕಿ ಹಳೆಯ ಪರಿಚಯ. ತೋಳದ ಬಾಯಿಂದ ವರ್ತಿಕೆಯನ್ನು ಅಶ್ವಿನೀ ದೇವತೆಗಳು ಬಿಡಿಸಿದರೆಂದು ಋಗ್ವೇದ ಹೇಳುತ್ತದೆ, ವರ್ತಿಕೆಯೆಂದರೆ ಗೌಜಲಕ್ಕಿ. ಬಲೆಯನ್ನೇ ಹೊತ್ತು ಹಾರಿದ ಹಕ್ಕಿಗಳ ಕಥೆ ಯಾರಿಗೆ ಗೊತ್ತಿಲ್ಲ? ಪಂಚತಂತ್ರದಲ್ಲಿ ಅವು ಪಾರಿವಾಳಗಳಾದರೆ ಬೌದ್ಧ ಜಾತಕದಲ್ಲಿ ಗೌಜಲಕ್ಕಿಗಳು.

ಕಥೆಯಲ್ಲಿ ಕರುಣೆಯಿದ್ದರೂ ಅಂಗಳದಲ್ಲಿ ಕಾದಾಟವೇ ನಡೆಯಿತು. ವಾತ್ಸ್ಯಾಯನ ಪಟ್ಟಿ ಮಾಡಿದ 64 ಕಲೆಗಳಲ್ಲಿ ಟಗರು, ಹುಂಜಗಳ ಜೊತೆ ಲಾವಕಗಳ ಕಾಳಗವೂ ಸೇರಿದೆ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿಗೆ ಲಾವಕ ವಿನೋದವನ್ನೂ ಸೇರಿಸಿದ್ದಾನೆ. ನವಾಬರ ಲಖನೌದಲ್ಲಂತೂ ಇದು ದೊಡ್ಡ ಶೋಕಿಯಾಗಿತ್ತು.

ಇದರ ಹತ್ತಿರದ ಸಂಬಂಧಿಯಾದ ಜಪಾನಿ ಗೌಜಲಿನ ಪಾಡು ಬೇರೆ. ಜಪಾನೀಯರು ಅದರ ಕೂಗಿಗೆ ಮನಸೋತರು. 1603ರಿಂದ 1868ರವರೆಗಿನ ಎಡೊ ಕಾಲದಲ್ಲಿ ಸಮುರಾಯಿಗಳು, ಶ್ರೀಮಂತ ವರ್ತಕರು ಗೌಜಲುಗಳ ಕೂಗಿನ ಸ್ಪರ್ಧೆ ಏರ್ಪಡಿಸುತ್ತಿದ್ದರು. 20ನೇ ಶತಮಾನದಲ್ಲಿ ಜನರ ಗಮನ ಕೂಗಿನಿಂದ ಮೊಟ್ಟೆಗೆ ತಿರುಗಿತು. ಎರಡನೇ ಮಹಾಯುದ್ಧದಲ್ಲಿ ಹಾಡುವ ತಳಿಗಳು ಅಳಿದವು. ಯುದ್ಧ ಮುಗಿದ ಮೇಲೆ ಉಳಿದ ಕೆಲವೇ ಹಕ್ಕಿಗಳಿಂದ ಮೊಟ್ಟೆಯ ತಳಿಯನ್ನು ಮತ್ತೆ ಬೆಳೆಸಲಾಯಿತು. ಭಾರತಕ್ಕೆ ಈ ಹಕ್ಕಿ ಬಂದದ್ದು 1974ರಲ್ಲಿ, ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ.

ಈ ದಾರಿಯಲ್ಲಿ ಹಕ್ಕಿ ಒಂದು ವಿದ್ಯೆ ಕಳೆದುಕೊಂಡಿತು. ಕಾವಿಗೆ ಕೂತ ಹಕ್ಕಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಸಾಕುವವರಿಗೆ ಅದು ನಷ್ಟ. ಹೀಗಾಗಿ ಬಿಡದೆ ಮೊಟ್ಟೆಯಿಡುವ ಹಕ್ಕಿಗಳನ್ನೇ ಆರಿಸಿ ತಲೆಮಾರುಗಳ ಕಾಲ ಬೆಳೆಸಿದರು. ಮರಿ ಮಾಡುವ ಕೆಲಸ ಪೆಟ್ಟಿಗೆಯ ಪಾಲಾಯಿತು. ಕಾಡಿನ ಗೌಜಲು ಇಂದಿಗೂ ಕಾವು ಕೊಡುತ್ತದೆ. ಸಾಕಿದ ಗೌಜಲು ಮೊಟ್ಟೆಯಿಟ್ಟು ಎದ್ದು ಹೋಗುವುದೇ ಹೆಚ್ಚು.

ತಾಯಿಯ ಜಾಗವನ್ನು ಯಂತ್ರ ಎಷ್ಟು ತುಂಬಬಲ್ಲದು? 1990ರ ಮಾರ್ಚ್‌ನಲ್ಲಿ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಮಿರ್‌ನಲ್ಲಿ ಗೌಜಲ ಮರಿಗಳು ಮೊಟ್ಟೆಯೊಡೆದು ಬಂದವು. ಕಾವು ಸಿಕ್ಕಿತ್ತು, ಜೀವ ಬಂದಿತ್ತು. ಆದರೆ ಕಾಲೂರಲು ನೆಲವಿಲ್ಲದೆ ತೇಲಾಡಿದ ಮರಿಗಳಿಗೆ ತಾವಾಗಿ ಕಾಳು ಕುಕ್ಕುವುದೂ ಆಗಲಿಲ್ಲ. ಅವು ಹೆಚ್ಚು ದಿನ ಬದುಕಲಿಲ್ಲ.

ಮನೆಯಲ್ಲೂ ಪಾಠ ಇದೇ. ಸುಮಾರು 10 ಗ್ರಾಂ ತೂಕದ, ಚುಕ್ಕೆಚುಕ್ಕೆಯ ಮೊಟ್ಟೆಗೆ 37.5 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ದಿನಕ್ಕೆ ಹಲವು ಬಾರಿ ಹೊರಳಿಸಿ, ಕೊನೆಯ ಮೂರು ದಿನ ಮುಟ್ಟದೆ ಬಿಟ್ಟರೆ 17-18 ದಿನಕ್ಕೆ ಹೆಬ್ಬೆರಳ ತುದಿಯಷ್ಟು ಮರಿ ಹೊರಬರುತ್ತದೆ. ಅದು ನೀರಿನ ಬಟ್ಟಲಲ್ಲೇ ಮುಳುಗಿ ಸಾಯಬಲ್ಲದು. ಬಟ್ಟಲಿಗೆ ಗೋಲಿಗಳನ್ನು ತುಂಬಿಡಬೇಕು. ಕೆಳಗೆ ನೀವು ಓದುತ್ತಿರುವ ಈ ಪತ್ರಿಕೆಯನ್ನು ಮಾತ್ರ ಹಾಸಬೇಡಿ. ನುಣುಪಿಗೆ ಜಾರಿ ಮರಿಯ ಕಾಲು ಸೊಟ್ಟಗಾಗುತ್ತದೆ. ಒರಟು ಬಟ್ಟೆಯೇ ಒಳ್ಳೆಯದು. ಮೈತುಂಬ ಗರಿ ಬರುವವರೆಗೆ, ಅಂದರೆ ಮೂರು ನಾಲ್ಕು ವಾರ, ಬೆಚ್ಚಗಿಡಬೇಕು. ಮುಟ್ಟಿದ ಮಕ್ಕಳು ಸಾಬೂನಿನಿಂದ ಕೈ ತೊಳೆಯಬೇಕು. ಇದೆಲ್ಲ ಸಾಕಿದ ತಳಿಯ ಮಾತು. ಹೊಲದ ಗೌಜಲನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಮೊಟ್ಟೆಯಲ್ಲಿ ಸಣ್ಣ ಬಿರುಕು ಕಂಡಾಗ ಮಕ್ಕಳ ಮುಖದಲ್ಲಿ ಮೂಡುವ ಬೆರಗಿಗೆ ಬೆಲೆ ಕಟ್ಟಲಾಗದು. ಆದರೆ ಮರಿಗಳಲ್ಲಿ ಸರಿಸುಮಾರು ಅರ್ಧ ಗಂಡು; ಬೆಳೆದ ಮೇಲೆ ಕೂಗುತ್ತವೆ, ಕಾದಾಡುತ್ತವೆ. ಅವನ್ನು ಬಿಟ್ಟುಬಿಡೋಣವೆಂದರೆ ಮನೆಯಲ್ಲೇ ಹುಟ್ಟಿದ ಹಕ್ಕಿಗೆ ಹೊಲದಲ್ಲಿ ಬದುಕುವುದು ಗೊತ್ತಿಲ್ಲ. ತಾಯ್ತನವನ್ನು ಅದರಿಂದ ಕಸಿದವರು ನಾವು. ಮೊಟ್ಟೆ ತರುವ ಮುನ್ನ ಮನೆಯವರೆಲ್ಲ ಕೂತು ತೀರ್ಮಾನಿಸಬೇಕಾದ ಪ್ರಶ್ನೆ ಒಂದೇ: ಹದಿನೆಂಟನೆಯ ದಿನದ ಆಚೆಗೆ ಈ ಮರಿಗೆ ತಾಯಿ ಯಾರು?