ಬಂಡೆಯೊಳಗಿನ ನೀರು

ಕೋಲಾರ ಜಿಲ್ಲೆಯ ನಮ್ಮ ಮನೆಯ ಹಿತ್ತಿಲಲ್ಲೊಂದು ತೆರೆದ ಬಾವಿಯಿತ್ತು. ನಾನು ವೈದ್ಯಕೀಯ ಪದವಿ ಮುಗಿಸಿ ಅಮೆರಿಕಕ್ಕೆ ಬರುವ ಹೊತ್ತಿಗೆ ಅದು ಬತ್ತಿತ್ತು. ಆಮೇಲೆ ಊರಿನಲ್ಲಿ ಕೊಳವೆಬಾವಿ ಕೊರೆಸಿದಾಗಲೆಲ್ಲ ಇಲ್ಲಿಂದ ಹಣ ಕಳುಹಿಸಿದೆ. ಪ್ರತಿಸಲವೂ ಹಿಂದಿನದಕ್ಕಿಂತ ಹೆಚ್ಚು ಆಳ. ಆ ಆಳದಲ್ಲಿ ಏನಿದೆಯೆಂದು ವಿಚಾರಿಸಿದ್ದು ಬಹಳ ತಡವಾಗಿ.

ನೆಲದಡಿ ನದಿಗಳು ಹರಿಯುತ್ತವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸುಣ್ಣಕಲ್ಲಿನ ಗುಹೆಗಳಿರುವ ಕೆಲವು ಪ್ರದೇಶಗಳಲ್ಲಿ ಅದು ನಿಜವೂ ಹೌದು. ಉಳಿದಂತೆ ಅಂತರ್ಜಲವೆಂದರೆ ಮಣ್ಣು, ಮರಳು, ಶಿಲೆಗಳ ಸಣ್ಣ ರಂಧ್ರಗಳಲ್ಲೂ ಬಿರುಕುಗಳಲ್ಲೂ ತುಂಬಿಕೊಂಡ ನೀರು. ಮಳೆನೀರಿನ ಒಂದು ಪಾಲು ಬೇರುಗಳನ್ನು ದಾಟಿ ಇಳಿಯುತ್ತ, ರಂಧ್ರಗಳೆಲ್ಲ ನೀರಿನಿಂದ ತುಂಬಿರುವ ವಲಯವನ್ನು ಸೇರುತ್ತದೆ. ಆ ವಲಯದ ಮೇಲಂಚೇ ಜಲಮಟ್ಟ. ಅಲ್ಲಿಂದ ನೀರು ಮಟ್ಟ ಎತ್ತರವಿರುವೆಡೆಯಿಂದ ತಗ್ಗಿನೆಡೆಗೆ ಸಾಗುತ್ತದೆ. ಇಳಿಜಾರು ಹೆಚ್ಚಿದಷ್ಟೂ, ಪದರವು ನೀರನ್ನು ಸರಾಗವಾಗಿ ಬಿಟ್ಟುಕೊಟ್ಟಷ್ಟೂ ಹರಿವು ಹೆಚ್ಚು ಎಂಬ ನಿಯಮವನ್ನು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದನು. ಮರಳು ತುಂಬಿದ ಕೊಳವೆಗಳಲ್ಲಿ ನೀರು ಹರಿಸಿ ಅವನು ಇದನ್ನು ಕಂಡುಕೊಂಡಿದ್ದನು.

ಕೋಲಾರದ ನೆಲದಡಿ ಇರುವುದು ಬಹುಮಟ್ಟಿಗೆ ಗ್ರಾನೈಟ್ ಮತ್ತು ನೈಸ್ ಶಿಲೆ. ಅದರ ಮೇಲ್ಭಾಗ ಬಿಸಿಲು ಮಳೆಗೆ ಶಿಥಿಲಗೊಂಡು ನೀರು ಹಿಡಿದಿಡಬಲ್ಲ ಪದರವಾಗಿದೆ. ಹಳೆಯ ಬಾವಿಗಳ ಜೀವ ಈ ಪದರದಲ್ಲಿತ್ತು; ಕೆರೆಗಳು ಅದನ್ನು ತುಂಬುತ್ತಿದ್ದವು. ಅದರ ಕೆಳಗಿನ ಗಟ್ಟಿ ಬಂಡೆಯಲ್ಲಿ ನೀರಿಗೆ ಬಿರುಕುಗಳಷ್ಟೇ ಆಸರೆ, ಆಳಕ್ಕಿಳಿದಂತೆ ಸಾಮಾನ್ಯವಾಗಿ ಅವೂ ವಿರಳ. ಒಂದು ಕೊಳವೆಬಾವಿ ನೀರು ಕೊಟ್ಟರೂ ಪಕ್ಕದ್ದು ಬರಿಯ ಧೂಳೆಬ್ಬಿಸುವುದು ಇದರಿಂದಲೇ.

ವೈದ್ಯನಾಗಿ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ನೀರು ಬಂಡೆಯೊಡನೆ ಹೆಚ್ಚು ಕಾಲ ಇದ್ದಷ್ಟೂ ಅದರ ಖನಿಜಗಳನ್ನು ಕರಗಿಸಿಕೊಳ್ಳುತ್ತದೆ. ಗ್ರಾನೈಟ್ ಪ್ರದೇಶದಲ್ಲಿ ಅವುಗಳೊಡನೆ ಫ್ಲೋರೈಡ್ ಕೂಡ ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೀರಿದರೆ ಬೆಳೆಯುವ ಮಕ್ಕಳ ಹಲ್ಲುಗಳಲ್ಲಿ ಕಲೆ ಮೂಡುತ್ತದೆ. ಹೆಚ್ಚಿನ ಪ್ರಮಾಣದಲ್ಲಿ ವರ್ಷಗಟ್ಟಲೆ ದೇಹ ಸೇರಿದರೆ ಮೂಳೆ ಕೀಲುಗಳು ಬಿಗಿಯುತ್ತವೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರತೆ ಏರುತ್ತದೆ. ರುಚಿ, ಬಣ್ಣಗಳಿಂದಲೂ ಪತ್ತೆಯಾಗದು.

ನಮ್ಮ ಮನೆಯ ನೀರನ್ನು ಪರೀಕ್ಷಿಸಿದಾಗ ಫ್ಲೋರೈಡ್ ಮಿತಿಯನ್ನು ಮೀರಿತ್ತು. ಅಮ್ಮನ ಮೊಣಕಾಲು ನೋವನ್ನು ನಾನು ವಯಸ್ಸಿನದೆಂದೇ ಎಣಿಸಿದ್ದೆ. ಅದು ವಯಸ್ಸಿನದೋ ನೀರಿನದೋ ಎಂದು ಈಗಲೂ ಖಚಿತವಾಗಿ ಹೇಳಲಾರೆ. ಆದರೆ ಆ ನೀರನ್ನು ಹಣ ಕೊಟ್ಟು ಮೇಲೆತ್ತಿಸಿದವನು ನಾನೇ.

ಈಗ ಅವರು ಕುಡಿಯುವುದು ಚಾವಣಿಯಿಂದ ಸಂಗ್ರಹಿಸಿ ಶೋಧಿಸಿದ ಮಳೆನೀರನ್ನು. ಊರಿಗೆ ಹಣ ಕಳುಹಿಸುವ ಓದುಗರಲ್ಲಿ ನನ್ನ ವಿನಂತಿ ಇಷ್ಟೆ: ಮೊದಲು ನೀರಿನ ಪರೀಕ್ಷೆಗೆ ಕಳುಹಿಸಿ, ಅನಂತರ ಕೆರೆಯ ಹೂಳೆತ್ತಲು. ಇನ್ನೂ ಆಳಕ್ಕೆ ಕೊರೆಯುವ ಮಾತು ಕೊನೆಗಿರಲಿ.