ಮೀನಿನ ತೊಟ್ಟಿ ಮತ್ತು ಮರದ ನೆಲ



ಅಮೆರಿಕದಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಕ್ವೇರಿಯಂನ ನೀರು ಬದಲಿಸಲು ಹೋಗಿ ಮರದ ನೆಲದ ಮೇಲೆ ಚೆಲ್ಲಿದೆ. ಹಲಗೆಗಳು ನೀರು ಹೀರಿ ಅಂಚಿನಲ್ಲಿ ಉಬ್ಬಿದವು. ಮಗಳು ಏನೂ ಅನ್ನಲಿಲ್ಲ. ಅದೇ ಹೆಚ್ಚು ನೋಯಿಸಿತು.

ಆಗ ನೆನಪಾದದ್ದು 1846ರ ಲಂಡನ್. ಅನ್ನಾ ಥಿನ್ ಎಂಬಾಕೆ ಟಾರ್ಕೀ ಕಡಲತೀರದಿಂದ ಹವಳಜೀವಿಗಳನ್ನು ತಂದು ಮನೆಯಲ್ಲಿ ಸಾಕಿದರು. ನೀರಿಗೆ ಗಾಳಿ ಬೆರೆಯಲೆಂದು ಮನೆಗೆಲಸದಾಕೆ ತೆರೆದ ಕಿಟಕಿಯೆದುರು ನಿಂತು ಅದನ್ನು ನಿತ್ಯವೂ ಸುರಿದಾಡಬೇಕಿತ್ತು. ಚೆಲ್ಲಿದರೆ ಒರೆಸುವವಳೂ ಅವಳೇ ತಾನೆ!

1850ರಲ್ಲಿ ರಾಬರ್ಟ್ ವಾರಿಂಗ್ಟನ್ ಮೀನು, ಬಸವನಹುಳು, ಜಲಸಸ್ಯಗಳನ್ನು ಒಟ್ಟಿಗಿರಿಸಿ, ಸಸ್ಯಗಳು ಬಿಡುವ ಆಮ್ಲಜನಕದಿಂದಲೇ ಮೀನು ಬದುಕುವುದೆಂದು ತೋರಿಸಿದರು. ಪದೇ ಪದೇ ನೀರು ಬದಲಿಸುವ ಶ್ರಮ ತಗ್ಗಿತು.

ನೀರನ್ನು ಎತ್ತಾಡುವುದು ಕಡಿಮೆಯಾದಷ್ಟೂ ನೆಲ ಕ್ಷೇಮ. ಮುಂದೆ ನೀರು ಬದಲಿಸುವಾಗಲೆಲ್ಲ ಬಕೆಟ್ಟನ್ನು ಅಂಚುಳ್ಳ ತಟ್ಟೆಯಲ್ಲಿಟ್ಟೆ. ಒಣಬಟ್ಟೆ ಹಿಡಿದು ನಿಂತವನೂ ನಾನೇ.