ಒಂದು ಗಿಡದ ಹೆಸರಿಗಾಗಿ



2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನಮಾನ ದೊರೆತಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಆದರೆ ಶಾಸ್ತ್ರೀಯ ಸಾಹಿತ್ಯದ ವಿದ್ವಾಂಸನೆಂದರೆ ಯಾರು? ಹಳೆಯದನ್ನೆಲ್ಲ ಕೊಂಡಾಡುವವನೇ? ಪ್ರಾಚೀನರ ಶೈಲಿಯನ್ನು ಅನುಕರಿಸುವವನೇ? ಸಂತ ಜೆರೋಮರ ಬದುಕು ಬೇರೊಂದು ಉತ್ತರವನ್ನು ನೀಡುತ್ತದೆ.

ರೋಮ್ ನಗರದಲ್ಲಿ ಪ್ರಸಿದ್ಧ ವೈಯಾಕರಣ ದೊನಾತುಸನ ಬಳಿ ಕಲಿತ ಜೆರೋಮರಿಗೆ ಸಿಸೆರೋ, ವರ್ಜಿಲ್ ಮೊದಲಾದವರ ಕೃತಿಗಳೆಂದರೆ ಪ್ರಾಣ. ಮನೆ, ಬಂಧುಬಳಗ, ರುಚಿಯಾದ ಊಟ ಎಲ್ಲವನ್ನೂ ತೊರೆದು ತಪಸ್ಸಿಗೆ ಹೊರಟವರಿಗೆ ಪುಸ್ತಕಗಳನ್ನು ಮಾತ್ರ ತೊರೆಯಲಾಗಲಿಲ್ಲ. ಅವುಗಳ ಮುಂದೆ ಪ್ರವಾದಿಗಳ ಭಾಷೆ ಒರಟಾಗಿ ತೋರುತ್ತಿತ್ತು. ಒಮ್ಮೆ ತೀವ್ರ ಜ್ವರದಲ್ಲಿ ಅವರೊಂದು ಕನಸು ಕಂಡರು. ದೈವಿಕ ನ್ಯಾಯಪೀಠದ ಮುಂದೆ ತಾವು ಕ್ರೈಸ್ತರೆಂದು ಹೇಳಿಕೊಂಡಾಗ, ಅವರು ಸಿಸೆರೋನ ಶಿಷ್ಯರೇ ಹೊರತು ಕ್ರಿಸ್ತನ ಶಿಷ್ಯರಲ್ಲವೆಂಬ ತೀರ್ಪು ಬಂದಿತು. ಆ ಗ್ರಂಥಗಳನ್ನು ಇನ್ನು ಓದುವುದಿಲ್ಲವೆಂದು ಅವರು ಆಣೆಯಿಟ್ಟರು.

ಆದರೆ ಆ ಗ್ರಂಥಗಳು ಕಲಿಸಿದ ಶಿಸ್ತು ಅವರನ್ನು ಬಿಡಲಿಲ್ಲ. ಪದಪದವನ್ನೂ ತೂಗಿ ನೋಡುವುದು, ಹಸ್ತಪ್ರತಿಗಳನ್ನು ಹೋಲಿಸುವುದು, ಮೂಲವನ್ನು ಅರಸುವುದು ಅವರ ಸ್ವಭಾವವೇ ಆಗಿತ್ತು. ಸಿರಿಯದ ಮರುಭೂಮಿಯಲ್ಲಿ, ಕ್ರೈಸ್ತನಾಗಿದ್ದ ಯೆಹೂದ್ಯನೊಬ್ಬನ ಬಳಿ ಈ ಮಹಾಪಂಡಿತರು ಮಗುವಿನಂತೆ ಹಿಬ್ರೂ ಅಕ್ಷರಗಳನ್ನು ತಿದ್ದಿದರು. ಪೋಪ್ ದಮಾಸುಸರ ಕೋರಿಕೆಯಂತೆ ಲತೀನ್ ಶುಭಸಂದೇಶಗಳನ್ನು ಪರಿಷ್ಕರಿಸಿದರು. 386ರಲ್ಲಿ ಬೆತ್ಲೆಹೇಮಿನಲ್ಲಿ ನೆಲೆಸಿ, ಹಳೆಯ ಒಡಂಬಡಿಕೆಯ ಬಹುಭಾಗವನ್ನು ಹಿಬ್ರೂ ಮೂಲದಿಂದಲೇ ಲತೀನಿಗೆ ತಂದರು.

ಇದಕ್ಕೆ ಅವರು ಬೆಲೆ ತೆರಬೇಕಾಯಿತು. ಇಂದಿನ ಟ್ರಿಪೊಲಿಯಾದ ಓಯಾ ಪಟ್ಟಣದ ದೇವಾಲಯದಲ್ಲಿ ಯೋನನ ಗ್ರಂಥದ ಹೊಸ ಅನುವಾದವನ್ನು ಓದಿದಾಗ ಜನರು ದಂಗೆಯೆದ್ದರು. ಯೋನನಿಗೆ ನೆರಳು ನೀಡಿದ ಗಿಡವನ್ನು ಹಳೆಯ ಅನುವಾದ ಸೋರೆಯೆಂದಿತ್ತು. ಜೆರೋಮರು ಐವಿ ಬಳ್ಳಿಯೆಂದಿದ್ದರು. ಅಲ್ಲಿನ ಧರ್ಮಾಧ್ಯಕ್ಷರು ತಮ್ಮ ಜನರನ್ನೇ ಕಳೆದುಕೊಳ್ಳುವ ಭಯದಿಂದ ಆ ಪದವನ್ನು ತಿದ್ದಬೇಕಾಯಿತು. ಸಂತ ಅಗಸ್ಟೀನರು 403ರಲ್ಲಿ ಇದನ್ನು ಜೆರೋಮರಿಗೆ ಪತ್ರದಲ್ಲಿ ತಿಳಿಸಿದರು. ಧರ್ಮಸಭೆ ಒಡೆದೀತೆಂಬ ಅವರ ಆತಂಕ ಹುಸಿಯಾಗಿರಲಿಲ್ಲ.

ಜೆರೋಮರು ಬಿರುಸಾಗಿಯೇ ಉತ್ತರಿಸಿದರು. ಆದರೂ ಅದರಲ್ಲಿ ಪ್ರಾಮಾಣಿಕತೆಯಿತ್ತು. ಆ ಗಿಡಕ್ಕೆ ಅಗಲವಾದ ಎಲೆಗಳಿವೆ, ಅದು ಆಸರೆಯಿಲ್ಲದೆ ತನ್ನ ಕಾಂಡದ ಮೇಲೆಯೇ ನಿಲ್ಲುತ್ತದೆ, ಲತೀನಿನಲ್ಲಿ ಅದಕ್ಕೆ ಸರಿಯಾದ ಹೆಸರಿಲ್ಲ ಎಂದು ವಿವರಿಸಿದರು. ಈ ವರ್ಣನೆ ನಮ್ಮ ಹಿತ್ತಲಿನ ಹರಳುಗಿಡಕ್ಕೆ ಹೊಂದುತ್ತದೆ; ಇಂದಿನ ಅನೇಕ ವಿದ್ವಾಂಸರ ಅಭಿಪ್ರಾಯವೂ ಅದೇ. ಹಾಗಾದರೆ ಐವಿಯೂ ತಪ್ಪೇ. ಆದರೆ ಆ ತಪ್ಪನ್ನು ತಿದ್ದುವ ದಾರಿಯನ್ನು ತೋರಿಸಿದವರೂ ಅವರೇ.

ಅವರ ಕಲೆಯನ್ನೂ ಗಮನಿಸಿ. ಸಿಸೆರೋನಂತೆ ಬರೆಯಬಲ್ಲ ಅವರು ದೇವರ ವಾಕ್ಯವನ್ನು ಸರಳ ಲತೀನಿನಲ್ಲಿ ಬರೆದರು. ಅಲಂಕಾರ ತಿಳಿಯದೆ ಅಲ್ಲ, ಅದನ್ನು ಎಲ್ಲಿ ಬಿಡಬೇಕೆಂದು ತಿಳಿದು.

ಸೆಪ್ಟೆಂಬರ್ 30ರಂದು ಅವರ ಹಬ್ಬ. ಅಂದು ಮನೆಯವರೆಲ್ಲ ಕೂಡಿ, ನಾಲ್ಕೇ ಅಧ್ಯಾಯಗಳ ಯೋನನ ಗ್ರಂಥವನ್ನು ನಿಧಾನವಾಗಿ ಓದಿರಿ. ಅಪರಿಚಿತ ಪದವೊಂದು ಎದುರಾದರೆ ಸಿಡಿಮಿಡಿಗೊಳ್ಳದೆ, ಅದೇಕೆ ಹಾಗಿದೆಯೆಂದು ಕೇಳಿರಿ. ಶಾಸ್ತ್ರೀಯ ವಿದ್ವತ್ತು ಆರಂಭವಾಗುವುದು ಅಲ್ಲಿಯೇ.